ಎರಡು ಹೊತ್ತು ಕರೆದು ನೋಡಿದ ಸ್ಪೀಕರ್

ಕದಿರೇಶನಿಗೆ ಮೋಸ ಮಾಡುವಂಥ ವಸ್ತು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಇದು ಬೇರೆಯವರು ಹೇಳಿದ ಮಾತಲ್ಲ, ಕದಿರೇಶನೇ ಹೇಳಿಕೊಂಡದ್ದು. ಅದೂ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು, ಕೇಳುವವರು ಹೆಂಡತಿ ಮಗಳು ಇಬ್ಬರೇ ಇದ್ದರೂ ಊರ ಅರಳಿಕಟ್ಟೆಯವರೆಗೂ ಕೇಳಿಸುವ ಗಂಟಲಿನಲ್ಲಿ.

"ಡೈರಿ ಸೆಕ್ರೆಟರಿ ಕಣೇ ನಾನು. ಕ್ಯಾನಿನ ಮುಚ್ಚಳ ತೆಗೆಯೋಕೆ ಮುಂಚೆ, ತಂದೋರ ಮುಖ ನೋಡಿ ಹಾಲಿಗೆ ಎಷ್ಟು ನೀರು ಬಿದ್ದಿದೆ ಅಂತ ಹೇಳ್ತೀನಿ. ನನಗೆ ಹೊಸ ಮಾಡೆಲ್ ತೋರಿಸೋಕೆ ಬರ್ತಾನೆ ಆ ನರೇಶ."

ನರೇಶ ಎಂದರೆ ಕದಿರೇಶನ ಷಡ್ಡಕ. ಹೆಂಡತಿ ಶೋಭಾರಾಣಿಯ ತಂಗಿ ತ್ರಿವೇಣಿಯ ಗಂಡ. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡು, ತಲೆಗೂದಲನ್ನು ಮುಳ್ಳುಹಂದಿಯ ಹಾಗೆ ನಿಲ್ಲಿಸಿಕೊಂಡು ಓಡಾಡುವ ಮನುಷ್ಯ. ಷಡ್ಡಕರಿಬ್ಬರು ಒಬ್ಬರನ್ನೊಬ್ಬರು ಮೆಚ್ಚಿಕೊಂಡ ಉದಾಹರಣೆ ಕೋಲಾರ ಜಿಲ್ಲೆಯಲ್ಲಿ ಇದ್ದರೆ ಇರಬಹುದು, ಈ ಮನೆಯಲ್ಲಂತೂ ಇಲ್ಲ. ಆ ನರೇಶ ಅಂದು ಬೆಳಗ್ಗೆಯೇ ಫೋನ್ ಮಾಡಿ ಹೇಳಿದ್ದ: "ಅಣ್ಣಾ, ಸ್ಪೀಕರ್‌ದು ಹೊಸ ಮಾಡೆಲ್ ಬಂದಿದೆ, ತಗೊಂಡೆ. ನಿಮ್ಮದು ಬಹಳ ಹಳೇದಾಯ್ತು. ಯಾರಿಗಾದ್ರೂ ಕೊಟ್ಬಿಡಿ."

ಯಾರಿಗಾದರೂ ಕೊಟ್ಟುಬಿಡಬೇಕಂತೆ. ಕದಿರೇಶನ ಮನೆಯ ಸ್ಪೀಕರ್ ಅಡುಗೆಮನೆಯ ಕಿಟಕಿಯಲ್ಲಿ ಕೂತು ಬೆಳಗಿನ ಸುಪ್ರಭಾತ ಹಾಡುತ್ತದೆ, ಮಳೆ ಬರುತ್ತದೋ ಇಲ್ಲವೋ ಹೇಳುತ್ತದೆ, ಮಗಳು ಮೌನಿಕಾ ಕೇಳಿದ ಹಾಡು ಹಾಕುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡದೇ ಇರುವುದೂ ಉಂಟು. ಆದರೆ ಆ ದುರಭ್ಯಾಸ ಈ ಮನೆಯಲ್ಲಿ ಯಾರಿಗಿಲ್ಲ?

"ಹೊಸದು ತಗೊಳ್ಳೋಣ ರೀ," ಎಂದಳು ಶೋಭಾರಾಣಿ. "ಅದಕ್ಕೆ ದೂರದಿಂದ ಮೆಲ್ಲಗೆ ಹೇಳಿದ್ರೂ ಕೇಳುತ್ತಂತೆ. ನೀವು ಈ ಹಳೇದಕ್ಕೆ ಕೂಗೋ ಕೂಗಿಗೆ ಪಕ್ಕದ ಮನೆ ಭಾರತಮ್ಮನ ಎಮ್ಮೆ ಹಗ್ಗ ಕಿತ್ಕೊಳ್ಳುತ್ತೆ."

"ಅಪ್ಪಾ, ಅದ್ರಲ್ಲಿ ಒಂದು ಕಡೆ ಹೇಳಿದ್ರೆ ಮನೇಲಿರೋ ಎಲ್ಲಾ ಸ್ಪೀಕರ್‌ನಲ್ಲೂ ನಮ್ಮ ಮಾತು ಬರುತ್ತೆ," ಎಂದಳು ಮೌನಿಕಾ.

"ನಮ್ಮ ಮಾತು ಮನೆಯಲ್ಲೆಲ್ಲಾ ಕೇಳಿಸೋಕೆ ಬಾಯಿ ಇಲ್ವಾ?" ಎಂದು ಕದಿರೇಶ ಗುಡುಗಿದ. ಪಕ್ಕದ ಮನೆಯಲ್ಲಿ ಎಮ್ಮೆ ಎದ್ದು ನಿಂತ ಸದ್ದಾಯಿತು.

ಅವನ ಕೋಪಕ್ಕೆ ಸ್ಪೀಕರ್ ಬರೀ ನೆಪ. ನಿಜವಾದ ಸಂಗತಿ ಹೆಂಡತಿಯ ತವರೂರು ಹೋಳೂರಿನಲ್ಲಿತ್ತು. ಅದು ಅತ್ತೆ ಶಾಮಲಮ್ಮನವರ ಹಸು ಗೌರಿ.

ಕೆಂದು ಬಣ್ಣದ ಜೆರ್ಸಿ. ಹಣೆಯ ಮೇಲೆ ಬಿಳಿಯ ಬೊಟ್ಟು. ಹಾಲು ಕರೆದರೆ ಪಾತ್ರೆಯ ಅಂಚಿಗೆ ಕೆನೆ ಅಂಟಿಕೊಳ್ಳುತ್ತದೆ. ಹೆಣ್ಣು ನೋಡಲು ಹೋದ ದಿನ ಕದಿರೇಶ ಮೊದಲು ನೋಡಿದ್ದು ಶೋಭಾರಾಣಿಯನ್ನಲ್ಲ, ಅಂಗಳದಲ್ಲಿ ಕಟ್ಟಿದ್ದ ಗೌರಿಯ ಅಜ್ಜಿಯನ್ನು. ಆ ವಂಶದ ಮೇಲೆ ಅವನಿಗೆ ಅಂದಿನಿಂದಲೂ ಪ್ರಾಣ. ಈಗ ಶಾಮಲಮ್ಮನವರಿಗೆ ಮಂಡಿ ನೋವು, ಕೂತು ಹಾಲು ಕರೆಯಲಾಗುವುದಿಲ್ಲ. ಔಷಧಕ್ಕೆಂದು ಕೋಲಾರದಲ್ಲಿ ಕಿರಿಮಗಳ ಮನೆಯಲ್ಲಿದ್ದರು. ಗೌರಿಯನ್ನು ಇಬ್ಬರು ಅಳಿಯಂದಿರಲ್ಲಿ ಯಾರಿಗೆ ಕೊಡುವುದೆಂದು ಶುಕ್ರವಾರ ಹೇಳುತ್ತೇನೆ ಎಂದಿದ್ದರು. ಕದಿರೇಶನಿಗೆ ಕೊಟ್ಟಿಗೆ ಇದೆ, ಹುಲ್ಲಿನ ಬಣವೆ ಇದೆ, ಕೈಯಲ್ಲಿ ವಿದ್ಯೆ ಇದೆ. ನರೇಶನಿಗೆ ಇರುವುದು ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ. ಆದರೂ ಅವನು, ಮಕ್ಕಳು ಗಟ್ಟಿ ಹಾಲು ಕುಡಿಯಲಿ, ಎಲ್ಲಾದರೂ ಒಂದು ಶೆಡ್ ಬಾಡಿಗೆಗೆ ಹಿಡಿಯುತ್ತೇನೆ ಎಂದು ಅತ್ತೆಯ ಕಿವಿ ಊದುತ್ತಿದ್ದ.

"ಶುಕ್ರವಾರದವರೆಗೂ ಎತ್ತಿನ ಬಾಯಿಗೆ ಹಾಕೋ ಹಾಗೆ ನಿಮ್ಮ ಬಾಯಿಗೂ ಕುಕ್ಕೆ ಹಾಕ್ಕೊಳ್ಳಿ," ಎಂದು ಶೋಭಾರಾಣಿ ಎಚ್ಚರಿಸಿದ್ದಳು. "ಅಮ್ಮನ ಬಗ್ಗೆ ಆಗಲಿ ನರೇಶನ ಬಗ್ಗೆ ಆಗಲಿ ಒಂದು ಕೆಟ್ಟ ಮಾತು ಆಚೆ ಬಂದ್ರೆ ಹಸು ಮರೆತುಬಿಡಿ."

ಕದಿರೇಶ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಸಂತೆಯಿಂದ ಹೊಸ ಹಗ್ಗವನ್ನೂ ತಂದು ಕೊಟ್ಟಿಗೆಯ ಮೊಳೆಗೆ ನೇತುಹಾಕಿದ. ಹಸು ಕೊಡುವವರು ಹಗ್ಗ ಕೊಡುವುದಿಲ್ಲ. ತೆಗೆದುಕೊಳ್ಳುವವನು ತನ್ನ ಹಗ್ಗ ಒಯ್ದು ಕಟ್ಟಿಕೊಂಡು ಬರಬೇಕು. ಹಳೆಯ ಹಗ್ಗದಲ್ಲಿ ಬಂದ ಹಸುವಿನ ಮನಸ್ಸು ಹಳೆಯ ಮನೆಯಲ್ಲೇ ಇರುತ್ತದೆ ಎಂಬುದು ಹಿಂದಿನಿಂದ ಬಂದ ಮಾತು, ಅದನ್ನು ಡೈರಿಗೆ ಬಂದವರಿಗೆಲ್ಲಾ ಕದಿರೇಶನೇ ಪಾಠ ಮಾಡುತ್ತಿದ್ದ.

ಸ್ಪೀಕರಿನ ವಿಷಯದಲ್ಲೂ ಅವನು ಹಸುವಿನ ನ್ಯಾಯವನ್ನೇ ಹಿಡಿದ.

"ಹಸು ಕೊಳ್ಳೋನು ಏನು ಮಾಡ್ತಾನೆ? ಬೆಳಗ್ಗೆ ಸಾಯಂಕಾಲ ಎರಡು ಹೊತ್ತು ತಾನೇ ಕರೆದು ನೋಡ್ತಾನೆ. ಮಾರೋನ ಮನೇಲಿ ಕರೆದ್ರೆ ಅವನು ಹಿಂದಿನ ಹೊತ್ತು ಕರೆಯದೇ ಬಿಟ್ಟು ಕೆಚ್ಚಲು ದಪ್ಪ ತೋರಿಸ್ತಾನೆ. ಅದಕ್ಕೇ ನಮ್ಮ ಮನೇಲಿ ಕರೆದು ನೋಡಬೇಕು. ಈ ಡಬ್ಬಾನೂ ಹಾಗೇನೇ. ಎರಡು ಹೊತ್ತು ತಂದಿಟ್ಕೊಂಡು, ಇದು ಕಾಸಿಗೆ ಬಾಳಲ್ಲ ಅಂತ ತೋರಿಸಿ, ಅವನ ಅಂಗಡಿ ಮುಂದೆ ಇಟ್ಟು ಬರ್ತೀನಿ. ನೋಡ್ತಿರು."

ತೀರ್ಪು ಬರೆದಾದ ಮೇಲೆ ವಿಚಾರಣೆಗೆ ಹೊರಟ ನ್ಯಾಯಾಧೀಶನ ಠೀವಿಯಲ್ಲಿ ಕದಿರೇಶ ಮೊಪೆಡ್ ಹತ್ತಿ ಕೋಲಾರದ ನರೇಶನ ಮನೆಗೆ ಹೋದ.

ನರೇಶ ಹಲ್ಲುಬಿಟ್ಟುಕೊಂಡು ಸ್ಪೀಕರ್ ತಂದುಕೊಟ್ಟ. "ತಗೊಂಡೋಗಿ ಅಣ್ಣಾ. ಹಾಲ್‌ನಲ್ಲಿ ನಮ್ಮದು ಇನ್ನೊಂದಿದೆ, ತೊಂದರೆ ಇಲ್ಲ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ನೆಟ್‌ಗೆ ಸೇರಿಸಿಕೊಡ್ತೀನಿ. ಅಕೌಂಟು ಮಾತ್ರ ಇನ್ನೂ ನನ್ನದೇ ಇದೆ. ನಿಮ್ಮದಕ್ಕೆ ಬದಲಾಯಿಸಿಬಿಡ್ಲಾ?"

"ಬೇಡ ಬೇಡ," ಎಂದ ಕದಿರೇಶ. "ಎರಡು ಹೊತ್ತು ನೋಡೋದಕ್ಕೆ ಅದೆಲ್ಲಾ ಯಾಕೆ? ನಾನೇನು ಇಟ್ಕೋತೀನಾ?"

ಒಳಗೆ ಸೋಫಾದ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಶಾಮಲಮ್ಮನವರು, "ಊಟ ಮಾಡ್ಕೊಂಡು ಹೋಗಿ ಅಳಿಯಂದ್ರೇ," ಎಂದರು. ಕದಿರೇಶ ಬೆಣ್ಣೆಯಂಥ ದನಿಯಲ್ಲಿ, "ಡೈರಿ ಟೈಮಾಯ್ತು ಅತ್ತೆ, ನಿಮ್ಮ ಮಂಡಿ ಹೇಗಿದೆ?" ಎಂದು ಕೇಳಿ, ಹುಷಾರಾಗಿ ಹೊರಗೆ ಬಂದ. ಕುಕ್ಕೆ ಗಟ್ಟಿಯಾಗಿತ್ತು.

ಸಾಯಂಕಾಲ ಡೈರಿ ಮುಗಿಸಿ ಬಂದವನೇ ಪರೀಕ್ಷೆಗೆ ಕೂತ. ನಡುಮನೆಯ ಸ್ಟೂಲಿನ ಮೇಲೆ ಸ್ಪೀಕರ್ ಇಟ್ಟ. ಪಕ್ಕದಲ್ಲಿ ಹಾಟ್‌ಸ್ಪಾಟಿನ ಫೋನನ್ನು ಕವುಚಿಟ್ಟ. ಪರೀಕ್ಷೆಯ ಮಧ್ಯೆ ಯಾರೂ ಫೋನ್ ಮಾಡಿ ತಲೆ ತಿನ್ನಬಾರದೆಂದು ಸೈಲೆಂಟ್ ಕೂಡ ಮಾಡಿದ. ಶೋಭಾರಾಣಿ ಭಾರತಮ್ಮನ ಮನೆಗೆ ಹೂ ಕಟ್ಟಲು ಹೋಗಿದ್ದಳು. ಮೌನಿಕಾ ಏನೇನು ಹೇಳಬೇಕೆಂದು ಅಪ್ಪನಿಗೆ ಬಾಯಿಪಾಠ ಮಾಡಿಸಿ ಮಹಡಿಗೆ ಓದಲು ಹೋದಳು.

ಮೊದಲು ಕಿವಿಯ ಪರೀಕ್ಷೆ. ಕದಿರೇಶ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಿಂತು, ಪಿಸುಮಾತಿಗಿಂತ ಸ್ವಲ್ಪವೇ ಹೆಚ್ಚು ದನಿಯಲ್ಲಿ ಟೈಮ್ ಕೇಳಿದ. ನಡುಮನೆಯಿಂದ ಅದು ಟೈಮ್ ಹೇಳಿತು. ಇದರಿಂದ ಅವನ ಸಿಟ್ಟು ಇನ್ನಷ್ಟು ಏರಿತು. ತಪ್ಪು ಹುಡುಕಲು ಬಂದವನಿಗೆ ಸರಿಯಾದ ಉತ್ತರ ಕೊಡುವುದೆಂದರೆ ಅದೂ ಒಂದು ಅಹಂಕಾರವೇ. ಆಮೇಲೆ ಜೆರ್ಸಿ ಹಾಲಿನ ಫ್ಯಾಟ್ ಎಷ್ಟೆಂದು ಕೇಳಿದ. ಅದು ಏನೋ ಹೇಳಿತು.

"ಅದು ಪುಸ್ತಕದ ಬದನೇಕಾಯಿ," ಎಂದ ಕದಿರೇಶ. "ಬಾ, ನಮ್ಮ ಡೈರಿಗೆ ಬಂದು ಅಳೆದು ನೋಡು."

ಡೈರಿಗೆ ಬರುವ ವಿಷಯದಲ್ಲಿ ಅದು ಏನೂ ಹೇಳಲಿಲ್ಲ.

ಕೊನೆಗೆ ಉಳಿದದ್ದು ಮಹಾಪರೀಕ್ಷೆ. ಒಂದು ಕಡೆ ಹೇಳಿದರೆ ಮನೆಯ ಎಲ್ಲ ಸ್ಪೀಕರಿನಲ್ಲೂ ಬರುತ್ತದೆ ಎನ್ನುವ ಮಾತು. ಅಡುಗೆಮನೆಯಲ್ಲಿ ಹಳೆಯದು ಇದ್ದೇ ಇದೆ. ಕದಿರೇಶ ಮಗಳು ಕಲಿಸಿದ ಹಾಗೆ ಅಪ್ಪಣೆ ಕೊಟ್ಟು, "ಹಲೋ ಹಲೋ, ಹಾಲು ಕಾಯಿತಾ?" ಎಂದ. ತಿಳಿಸಿದ್ದೇನೆ ಎಂದು ಡಬ್ಬಾ ಇಂಗ್ಲಿಷಿನಲ್ಲಿ ವಿನಯದಿಂದ ಹೇಳಿತು. ಅವನು ಅಡುಗೆಮನೆಗೆ ಓಡಿಹೋಗಿ ಹಳೆಯ ಸ್ಪೀಕರಿಗೆ ಕಿವಿ ಕೊಟ್ಟ. ಅಲ್ಲಿ ಸೊಳ್ಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಕದಿರೇಶನ ಮುಖ ಅರಳಿತು. ಸಿಕ್ಕಿಬಿದ್ದಿತ್ತು ಕಳ್ಳಹಾಲು. ನೀರು ಹಾಕಿಲ್ಲ ಸಾರ್ ಎಂದು ದೇವರ ಮೇಲೆ ಆಣೆ ಇಡುವವರನ್ನು ಅವನು ದಿನಾ ನೋಡುತ್ತಾನೆ. ಇದೂ ಅದೇ ಜಾತಿಯದು. ತಿಳಿಸದೆಯೇ ತಿಳಿಸಿದ್ದೇನೆ ಎನ್ನುತ್ತದೆ.

ಇನ್ನೊಮ್ಮೆ ಅಪ್ಪಣೆ ಕೊಟ್ಟ. ಈ ಸಲ ಹಾಲು ಕಾಯಿತಾ ಎಂದು ಕೇಳುವ ತಾಳ್ಮೆ ಇರಲಿಲ್ಲ. ದಿನಗಟ್ಟಲೆ ಕುಕ್ಕೆ ಹಾಕಿಕೊಂಡಿದ್ದ ಬಾಯಿ, ಎದುರಿಗೆ ಮನುಷ್ಯರಿಲ್ಲ, ಇರುವುದು ಒಂದು ಸುಳ್ಳು ಡಬ್ಬಾ.

"ಇಂಥ ಗುಜರಿ ಡಬ್ಬಾನ ಕಾಸು ಕೊಟ್ಟು ತಂದಿದಾನಲ್ಲ, ಆ ನರೇಶನ ತಲೆಯಲ್ಲಿ ಇರೋದು ಕೂದಲು ಮಾತ್ರ."

ತಿಳಿಸಿದ್ದೇನೆ ಎಂದಿತು. ಓಡಿಹೋಗಿ ನೋಡಿದರೆ ಅಡುಗೆಮನೆ ಮತ್ತೆ ನಿಶ್ಶಬ್ದ.

"ಇವನಿಗೆ ಗೌರಿ ಬೇರೆ ಬೇಕಂತೆ. ಬಾಲ ಯಾವುದು ಕೆಚ್ಚಲು ಯಾವುದು ಅಂತ ಫೋನಿನಲ್ಲಿ ನೋಡ್ಕೊಂಡು ಕರೀತಾನೆ ಬಡ್ಡೀಮಗ."

ತಿಳಿಸಿದ್ದೇನೆ ಎಂದಿತು. ಈ ಸಲ ಅಡುಗೆಮನೆಗೆ ಹೋಗಲೂ ಇಲ್ಲ ಕದಿರೇಶ. ಕೆಟ್ಟ ಮಾತೆಂಬುದು ಹುಣಸೇಹಣ್ಣಿನ ಹಾಗೆ, ಒಂದು ಎಳೆ ಬಾಯಿಗೆ ಬಿದ್ದರೆ ಕೈ ತಾನೇ ಡಬ್ಬಿಗೆ ಹೋಗುತ್ತದೆ. ಮೊಣಕೈ ಊರಿ, ಸ್ಪೀಕರಿನ ಹತ್ತಿರಕ್ಕೆ ಬಾಗಿ, ಮನಸ್ಸಿನ ತಳದಲ್ಲಿದ್ದುದನ್ನು ತೆಗೆದ.

"ಆ ಅತ್ತೇನೂ ಏನು ಕಡಿಮೆ ಇಲ್ಲ. ಗೌರಿ ಕೊಡೋ ಹಾಲು ಚಿನ್ನ. ಅತ್ತೆ ಕೈ ದಾಟಿ ಕಾಫಿಗೆ ಬರೋ ಹೊತ್ತಿಗೆ ಅದ್ರಲ್ಲಿ ಲ್ಯಾಕ್ಟೋಮೀಟರ್ ಬಿಟ್ರೆ ಬಾವಿಗೆ ಬಿದ್ದ ಹಾಗೆ ಮುಳುಗುತ್ತೆ."

ಹೇಳಿ ಮುಗಿಸಿದಾಗ ಎದೆ ಹಗುರವಾಯಿತು. ಪರೀಕ್ಷೆ ಮುಗಿದಿತ್ತು, ಸ್ಪೀಕರ್ ಫೇಲ್. ಕದಿರೇಶ ತೃಪ್ತಿಯಿಂದ ಗೋಡೆಗೆ ಒರಗಿ ಕಾಲು ಚಾಚಿದ.

ಆಗ ಶೋಭಾರಾಣಿ ಒಳಗೆ ಬಂದಳು. ಒಂದು ಕೈಯಲ್ಲಿ ಅರ್ಧ ಕಟ್ಟಿದ ಕನಕಾಂಬರ, ಇನ್ನೊಂದರಲ್ಲಿ ಫೋನು. ಮುಖ ನೋಡಿಯೇ ಹಾಲಿನಲ್ಲಿರುವ ನೀರು ಹೇಳಬಲ್ಲ ಕದಿರೇಶನಿಗೆ ಆ ಮುಖದಲ್ಲಿ ಏನಿದೆಯೆಂದು ತಕ್ಷಣ ಗೊತ್ತಾಗಲಿಲ್ಲ.

"ಏನು ಮಾಡ್ತಿದ್ರಿ ಇಷ್ಟು ಹೊತ್ತು?"

"ಪರೀಕ್ಷೆ ಕಣೇ. ನಾನು ಹೇಳಿರ್ಲಿಲ್ವಾ, ಶುದ್ಧ ಮೋಸ. ಹೇಳಿದ ಒಂದು ಮಾತೂ ಹೋಗಿ ತಲುಪಲ್ಲ."

"ತಲುಪಿದೆ," ಎಂದಳು ಶೋಭಾರಾಣಿ. "ಒಂದೂ ಬಿಡದ ಹಾಗೆ ತಲುಪಿದೆ. ಕೋಲಾರದಲ್ಲಿ ನರೇಶನ ಹಾಲ್‌ನಲ್ಲಿ, ನಿಮ್ಮ ಗಂಟಲಲ್ಲೇ. ತ್ರಿವೇಣಿ ಫೋನ್ ಮಾಡಿ ಅಳ್ತಾ ಇದಾಳೆ. ನಿಮಗೆ ಎಷ್ಟು ಸಲ ಮಾಡಿದ್ರೂ ಎತ್ತಲಿಲ್ಲವಂತೆ."

ಕದಿರೇಶ ಕವುಚಿಟ್ಟ ಫೋನನ್ನು ತಿರುಗಿಸಿ ನೋಡಿದ. ಪರದೆಯ ತುಂಬಾ ನರೇಶನ ಹೆಸರು.

"ಅದು ಹೇಗೆ ಅಲ್ಲಿಗೆ ಹೋಗುತ್ತೆ? ಇದು ಇರೋದು ನಮ್ಮ ಮನೇಲಿ. ತಿನ್ನೋದು ನನ್ನ ನೆಟ್ಟು."

ಮಹಡಿಯ ಮೆಟ್ಟಿಲಿಳಿದು ಬಂದ ಮೌನಿಕಾ, "ಅಪ್ಪಾ, ಅಕೌಂಟ್ ಬದಲಾಯಿಸಲಿಲ್ವಾ?" ಎಂದಳು. "ಇದು ಇನ್ನೂ ಚಿಕ್ಕಪ್ಪನ ಅಕೌಂಟಲ್ಲೇ ಇದೆ. ಇದರ ಪಾಲಿಗೆ ಮನೆ ಅಂದ್ರೆ ಚಿಕ್ಕಪ್ಪನ ಮನೆ. ನಮ್ಮ ಅಡುಗೆಮನೇದು ಇದಕ್ಕೆ ಯಾರೋ."

"ಇಷ್ಟೇ ಅಲ್ಲ ಕೇಳಿ," ಎಂದಳು ಶೋಭಾರಾಣಿ. "ಅಮ್ಮ ಆಗ ತಾನೇ ನರೇಶನ್ನ ಕೂರಿಸ್ಕೊಂಡು ಹೇಳ್ತಿದ್ಲಂತೆ. ನೀನು ಬೇಜಾರು ಮಾಡ್ಕೋಬೇಡಪ್ಪಾ, ಹಸು ಮರ್ಮ ಗೊತ್ತಿರೋನು ಕದಿರೇಶ, ಗೌರಿ ಅವನ ಕೊಟ್ಟಿಗೆಗೇ ಹೋಗ್ಲಿ ಅಂತ. ಅದೇ ಹೊತ್ತಿಗೆ ನಿಮ್ಮದು ಶುರುವಾಯ್ತು, ಹಲೋ ಹಲೋ ಅಂತ."

ಕದಿರೇಶನ ಕಣ್ಣ ಮುಂದೆ ಹಣೆಯ ಬಿಳಿಯ ಬೊಟ್ಟು ಬಂದು ನಿಂತಿತು. ಕೋಪ ಯಾರ ಮೇಲೆ ಮಾಡಬೇಕೆಂದು ಗೊತ್ತಾಗದೆ, ಡಬ್ಬಾದ ಮೇಲೆ ಮಾಡಿದ, ನರೇಶನ ಮೇಲೆ ಮಾಡಿದ, ಮೊದಲೇ ಹೇಳಲಿಲ್ಲವೆಂದು ಮಗಳ ಮೇಲೂ ಮಾಡಿದ. ಮಗಳು, "ಚಿಕ್ಕಪ್ಪ ಕೇಳೇ ಇರ್ತಾರೆ, ಬೇಡ ಅಂದಿದ್ದು ಯಾರು?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದಳು. ಶೋಭಾರಾಣಿ ಕನಕಾಂಬರವನ್ನು ತಟ್ಟೆಗೆ ಎಸೆದು ಅಡುಗೆಮನೆಗೆ ಹೋದಳು. ಪಾತ್ರೆಗಳು ಅವಳ ಪರವಾಗಿ ಮಾತಾಡತೊಡಗಿದವು.

ಕೆಟ್ಟದ್ದು ಹೋದ ದಾರಿಯಲ್ಲೇ ಒಳ್ಳೆಯದನ್ನೂ ಕಳಿಸಬಾರದೇಕೆ ಎಂದು ಕದಿರೇಶನಿಗೆ ಹೊಳೆಯಿತು. ಫೋನಿನಲ್ಲಿ ಎದುರು ಮಾತಾಡುವ ಧೈರ್ಯ ಇರಲಿಲ್ಲ. ಸ್ಟೂಲಿನ ಮುಂದೆ ಕೈಮುಗಿದು ಕೂತು, ಅಪ್ಪಣೆ ಕೊಟ್ಟು, ಜೇನಿನಂಥ ದನಿಯಲ್ಲಿ ಆರಂಭಿಸಿದ. "ಅತ್ತೆ, ದೊಡ್ಡೋರು ನೀವು. ಏನೋ ಪರೀಕ್ಷೆಗೆ ಬಾಯಿಗೆ ಬಂದಿದ್ದು ಹೇಳ್ದೆ. ನನ್ನ ಮನಸ್ಸಲ್ಲಿ ಅಂಥದ್ದೇನೂ ಇಲ್ಲ."

ಅಡುಗೆಮನೆಯಿಂದ ಶೋಭಾರಾಣಿ ಉರಿದುಬಿದ್ದಳು. "ಸುಳ್ಳು ಯಾಕೆ ಹೇಳ್ತೀರಾ? ನನ್ನ ಹತ್ರ ದಿನಾ ಹೇಳೋದೇ ಅದನ್ನ. ನೀರು ಹಾಲು, ನೀರು ಹಾಲು ಅಂತ."

ತಿಳಿಸಿದ್ದೇನೆ ಎಂದಿತು ಡಬ್ಬಾ.

ದೂರದ ದನಿಯೂ ಇದಕ್ಕೆ ಸ್ಪಷ್ಟವಾಗಿ ಕೇಳುತ್ತದೆ ಎಂದು ಶೋಭಾರಾಣಿಯೇ ಹೇಳಿದ್ದು ಸುಳ್ಳಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಡಬ್ಬಾದಿಂದ ಶಾಮಲಮ್ಮನವರ ದನಿ ಬಂತು. ಶ್ರೀನಿವಾಸಪುರದ ಕಡೆಯ ಹೆಣ್ಣುಮಗಳು, ಸಮಾಧಾನದಲ್ಲಿದ್ದರೆ ಕನ್ನಡ, ತೆಲುಗಿಗೆ ಇಳಿದರೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ. "ಅಂತಾ ವಿನ್ನಾ ಲೇ," ಎಂದರು, ಎಲ್ಲಾ ಕೇಳಿಸಿಕೊಂಡೆ ಎಂದು. ಅಷ್ಟೇ ಹೇಳಿ ನಿಲ್ಲಿಸಿದರು. ಕದಿರೇಶ ವೈರ್ ಕಿತ್ತು ಸ್ಪೀಕರಿನ ಮೇಲೆ ದಿಂಬು ಹಾಕಿದ.

ಶುಕ್ರವಾರದವರೆಗೂ ಮನೆಯಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಡೈರಿಯಲ್ಲಿ ಅವನೂ ಯಾರ ಹಾಲನ್ನೂ ಬಯ್ಯಲಿಲ್ಲ. ಸೆಕ್ರೆಟರಿಗೆ ಮೈ ಸರಿಯಿಲ್ಲವೆಂದು ಊರಿನವರು ಮರುಗಿದರು.

ಶುಕ್ರವಾರ ಬೆಳಗ್ಗೆ ಮನೆಯ ಮುಂದೆ ಒಂದು ಲಗೇಜ್ ಟೆಂಪೋ ಬಂದು ನಿಂತಿತು. ಹಿಂದೆ ಗೌರಿ. ಮುಂದೆ ಡ್ರೈವರಿನ ಪಕ್ಕ ಶಾಮಲಮ್ಮ, ಅವರ ಪಕ್ಕದಲ್ಲಿ ಒತ್ತಿಕೊಂಡು ನರೇಶ. ಕದಿರೇಶ ಕಣ್ಣುಜ್ಜಿಕೊಂಡ. ಅದೇ ಕೆಂದು ಮೈ, ಅದೇ ಬಿಳಿಯ ಬೊಟ್ಟು. ದೊಡ್ಡವರೆಂದರೆ ಹೀಗಿರಬೇಕು ಎಂದುಕೊಂಡು ಕೊಟ್ಟಿಗೆಗೆ ಓಡಿ, ಮೊಳೆಯಲ್ಲಿದ್ದ ಹೊಸ ಹಗ್ಗ ತಂದ. ಗೌರಿಯನ್ನು ಹಲಗೆಯ ಮೇಲೆ ಇಳಿಸಿಕೊಂಡು, ಕತ್ತಿನ ಹಳೆಯ ಹಗ್ಗಕ್ಕೆ ಕೈ ಹಾಕಿದ.

"ಹಗ್ಗ ಬಿಚ್ಚಬೇಡಿ ಅಳಿಯಂದ್ರೇ," ಎಂದರು ಶಾಮಲಮ್ಮ.

ಕದಿರೇಶನ ಕೈ ಅಲ್ಲೇ ನಿಂತಿತು.

"ಹಸು ನರೇಶನಿಗೆ ಕೊಟ್ಟಿದೀನಿ. ಆ ಹಗ್ಗ ಅವನು ತಂದು ಕಟ್ಟಿದ್ದು. ಆದರೆ ಪಾಪ, ಅವನಿಗೆ ಕೊಟ್ಟಿಗೆ ಇಲ್ಲ. ಬಾಲ ಯಾವುದು ಕೆಚ್ಚಲು ಯಾವುದು ಅಂತಾನೂ ಗೊತ್ತಿಲ್ಲ, ನೀವೇ ಹೇಳಿದ್ರಲ್ಲ. ಅದಕ್ಕೇ ಇಲ್ಲೇ ಇರ್ಲಿ. ಹುಲ್ಲು ನಿಮ್ಮದು, ಸಗಣಿ ನಿಮ್ಮದು, ಕರೆಯೋ ಕೈ ನಿಮ್ಮದು. ಹಗ್ಗ ಅವನದು. ಹಾಲು ಬೆಳಗಿನ ಮೊದಲ ಬಸ್ಸಿಗೆ ಕೋಲಾರಕ್ಕೆ ಕಳಿಸಿ." ಮತ್ತೆ ಸೇರಿಸಿದರು, "ಲ್ಯಾಕ್ಟೋಮೀಟರ್ ಹಾಕಿ ನೋಡಿಯೇ ಕಳಿಸಿ. ನನ್ನ ಕೈ ದಾಟಿಲ್ಲ, ಚೆನ್ನಾಗಿರುತ್ತೆ."

ಕದಿರೇಶ ಹೆಂಡತಿಯ ಮುಖ ನೋಡಿದ. ಶೋಭಾರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಳ್ಳಲು ಅವನಿಗೆ ಇಷ್ಟವಿತ್ತು, ಆದರೆ ಭುಜ ಕುಣಿಯುವ ರೀತಿ ಬೇರೆ ಹೇಳುತ್ತಿತ್ತು.

"ಅಣ್ಣಾ, ಸ್ಪೀಕರ್ ವಾಪಸ್ ಬೇಡ," ಎಂದ ನರೇಶ ತಲೆಗೂದಲು ಸವರಿಕೊಳ್ಳುತ್ತಾ. "ಕೊಟ್ಟಿಗೇಲಿ ಇಡೋಣ. ಅತ್ತೆಗೆ ಗೌರಿ ಬಿಟ್ಟು ಇರೋಕಾಗಲ್ಲ. ಬೇಕಾದಾಗ ಅದರ ಸದ್ದು ಕೇಳೋ ಹಾಗೆ ಮಾಡಿಕೊಟ್ಟಿದೀನಿ. ಅಕೌಂಟು ನನ್ನದೇ ಇರ್ಲಿ, ನಿಮಗ್ಯಾಕೆ ತೊಂದರೆ."

ಅವತ್ತಿನಿಂದ ಸ್ಪೀಕರ್ ಕೊಟ್ಟಿಗೆಯ ಕಂಬಕ್ಕೆ ಹೊಡೆದ ಹಲಗೆಯ ಮೇಲೆ ಕೂತಿದೆ. ಹೊಸ ಹಗ್ಗ ಮೊಳೆಯಲ್ಲೇ ಇದೆ. ಕದಿರೇಶ ಬೆಳಗಾಗುವ ಮೊದಲೇ ಎದ್ದು, ಹಲ್ಲು ಕಚ್ಚಿಕೊಂಡು ಸಗಣಿ ಬಾಚಿ, ಹುಲ್ಲು ಹಾಕಿ, ಕೆಚ್ಚಲು ತೊಳೆದು ಹಾಲು ಕರೆಯುತ್ತಾನೆ. ನರೇಶನ ಮೇಲೆ, ಅತ್ತೆಯ ಮೇಲೆ, ಬಸ್ಸಿನ ಕಂಡಕ್ಟರಿನ ಮೇಲೆ ಬರುವ ಸಿಟ್ಟನ್ನೆಲ್ಲಾ ಗುಟುಕು ಗುಟುಕಾಗಿ ನುಂಗುತ್ತಾನೆ. ಅಷ್ಟಾದರೂ ಗೌರಿ ಅವನ ಹೆಗಲನ್ನು ನೆಕ್ಕುತ್ತಾಳೆ, ಆಗ ಮಾತ್ರ ಅವನ ಮುಖ ಸಡಿಲವಾಗುತ್ತದೆ.

ಒಂದು ಬೆಳಗ್ಗೆ ಶೋಭಾರಾಣಿ ಚೆಂಬು ಹಿಡಿದು ಕೊಟ್ಟಿಗೆಗೆ ಬಂದು ಕೇಳಿದಳು. "ಏನ್ರೀ, ಎರಡು ಹೊತ್ತಲ್ಲ, ಎಷ್ಟೋ ಹೊತ್ತು ಕರೆದು ನೋಡಿದ್ರಲ್ಲ. ಕೊನೆಗೂ ಈ ಹೊಸ ಮಾಡೆಲ್ ತಗೊಳ್ಳೋದಾ, ಬೇಡ್ವಾ?"

ಕದಿರೇಶ ಹಲಗೆಯ ಕಡೆ ಓರೆಗಣ್ಣಿನಲ್ಲಿ ನೋಡಿದ. ಗಂಟಲು ಸರಿಮಾಡಿಕೊಂಡ.

"ಬಹಳ ಒಳ್ಳೇ ಸ್ಪೀಕರ್ ಕಣೇ. ನರೇಶ ಆರಿಸಿದ್ದು ಅಂದ್ರೆ ಕೇಳಬೇಕಾ, ಬುದ್ಧಿವಂತ. ಇನ್ನು ನಮ್ಮ ಅತ್ತೆ ಅಂದ್ರೆ, ಅವರಂಥ ದೊಡ್ಡ ಮನಸ್ಸಿನೋರು..."

ಹಲಗೆಯ ಮೇಲಿಂದ ಶಾಮಲಮ್ಮನವರ ನಿದ್ದೆಗಣ್ಣಿನ ದನಿ ಬಂತು.

"ಕರೆಯೋವಾಗ ಮಾತು ಕಡಿಮೆ ಮಾಡಿ ಅಳಿಯಂದ್ರೇ. ಅಷ್ಟು ಸುಳ್ಳು ಕೇಳಿದ್ರೆ ಗೌರಿ ಹಾಲು ಬಿಡಲ್ಲ."